ಮಗ್ಗ ನಿಂತ ಮಂಗಳವಾರ

ತಮಿಳುನಾಡಿನ ಸಿರುಮುಗೈಯ ನೇಕಾರರ ಬೀದಿಯಲ್ಲಿ ಮಗ್ಗಗಳು ಬಾಯಿ ಮುಚ್ಚುವುದು ಅಮಾವಾಸ್ಯೆಯ ರಜೆಗೆ, ಇಲ್ಲವೇ ಸಾವಿಗೆ. ರಂಗಸಾಮಿಯಂತೂ ಜ್ವರ ಬಂದರೂ ಲಾಳಿ ಬಿಡದ ಹಟಮಾರಿ. ಈ ಮಂಗಳವಾರ ಕೇಳಬೇಕೆ, ಕೈಯಲ್ಲಿದ್ದದ್ದು ಮದುವೆ ಸೀರೆ. ನಾಳೆಯೇ ಕೊಡಬೇಕು.

ಮಗ್ಗವಿದ್ದ ಹಜಾರದ ಮೂಲೆಯಲ್ಲಿ ಮೊಮ್ಮಗಳು ಅಭಿನಯಾ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ಮಾತಿನಲ್ಲಿ ಮಹಾ ಚೂಟಿ. ಪುಸ್ತಕ ತೆರೆದರೆ ಮಾತ್ರ ಅಕ್ಷರಗಳು ಅದಲುಬದಲಾಗಿ ಅವಳನ್ನು ಗೋಳುಹೊಯ್ದುಕೊಳ್ಳುತ್ತಿದ್ದವು. ಗೋಕಿಲಾ ಟೀಚರ್ ಅದಕ್ಕೊಂದು ದಾರಿ ತೋರಿಸಿದ್ದರು. ಪುಟದ ಫೋಟೋ ತೆಗೆದರೆ ಫೋನೇ ತಮಿಳು ಪಾಠ ಓದುತ್ತದೆ, ಓದುತ್ತಿರುವ ಪದ ಹಳದಿಯಾಗುತ್ತದೆ. ಅದರ ಜೊತೆಜೊತೆಗೇ ಇವಳೂ ಓದಬೇಕು. ನಾಳೆ ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಇವಳದು. ಹಾಳಾದ ಇಲಿ ಇಯರ್‌ಫೋನಿನ ತಂತಿ ಕಡಿದುಹಾಕಿತ್ತು.

"ತಾತಾ, ಮಗ್ಗದ ಸದ್ದಿಗೆ ಏನೂ ಕೇಳಿಸ್ತಿಲ್ಲ!"

"ಹಿತ್ತಲಿಗೆ ಹೋಗು."

"ಅಲ್ಲಿ ಪಾಪಾತಿ ಅತ್ತೆ ಮನೆ ಮಗ್ಗ ಬಡೀತೈತೆ. ಬಿಡು ತಾತಾ. ನಾಳೇನೂ ಕ್ಲಾಸಲ್ಲಿ ಎಲ್ರೂ ನಕ್ಕರೆ ಪಳ್ಳಿಕೂಡಕ್ಕೇ ಹೋಗಲ್ಲ. ನಿನ್ನ ಜೊತೆ ಮಗ್ಗಕ್ಕೇ ಕೂತ್ಕೋತೀನಿ."

ಮಗ್ಗಕ್ಕೆ ವಾರಸುದಾರರಿಲ್ಲವೆಂದು ರಂಗಸಾಮಿ ಗೊಣಗದ ದಿನವಿಲ್ಲ. ಹಿಗ್ಗಬೇಕಿತ್ತು. ಆದರೆ ಮಗು ಆಸೆಯಿಂದ ಹೇಳಲಿಲ್ಲ, ಹೆದರಿ ಹೇಳಿತು.

"ಅಳ್ತಾ ಬರೋರಿಗೆ ನನ್ನ ಮಗ್ಗದಲ್ಲಿ ಜಾಗ ಇಲ್ಲ!" ಎಂದು ಗದರಿ ಲಾಳಿ ಕೆಳಗಿಟ್ಟ. "ಹಾಕು ಫೋನು."

ಫೋನಿನೊಳಗಿನ ಹೆಂಗಸು ಓದತೊಡಗಿದಳು. ಅಭಿನಯಾ ಅವಳ ಹಿಂದೆಯೇ ಹೊರಟಳು, ಎಡವಿದಳು, ಮತ್ತೆ ಹಿಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಪಾಪಾತಿ ಏದುಸಿರು ಬಿಡುತ್ತ ಓಡಿಬಂದಳು. ಅವಳ ಹಿಂದೆ ಇನ್ನಿಬ್ಬರು, ಆಗಲೇ ಸಾವಿನ ಮನೆಯ ಮುಖ ಮಾಡಿಕೊಂಡು!

"ಅಯ್ಯೋ ಅಣ್ಣಾ! ಮಗ್ಗ ನಿಂತೋಯ್ತಲ್ಲಾ, ಯಾರಿಗೇನಾಯ್ತು?"

"ಯಾರೂ ಸತ್ತಿಲ್ಲಮ್ಮಾ. ನಮ್ಮ ಪಾಪ ಓದ್ತಾ ಐತೆ. ಮೆಲ್ಲಗೆ ಮಾತಾಡು."

ಪಾಪಾತಿ ಹುಡುಗಿಯ ತುಟಿಗಳನ್ನೇ ನೋಡುತ್ತ ಒಂದು ಗಳಿಗೆ ನಿಂತಳು. ಸರಸರನೆ ಮನೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಅವಳ ಮನೆಯ ಮಗ್ಗವೂ ನಿಂತಿತು. ಆಮೇಲೆ ಎದುರುಮನೆಯದು.

ಅಭಿನಯಾ ಫೋನು ಆರಿಸಿ, ಪುಸ್ತಕದ ಮೇಲೆ ಬೆರಳಿಟ್ಟು, ಒಬ್ಬಳೇ ಓದಿದಳು. ತಡವರಿಸಿದಳು ನಿಜ, ಆದರೆ ಪುಟದ ಕೊನೆ ಮುಟ್ಟಿದಳು. ರಂಗಸಾಮಿಯ ಕಣ್ಣು ತುಂಬಿಬಂತು. ಮದುವೆಯವರು ಬೈದರೆ ಬೈಯಲಿ.

"ತಾತಾ, ಇನ್ನೊಂದ್ಸಲ ಓದ್ಲಾ? ಸೀರೆ ಲೇಟಾಗುತ್ತಾ?"

"ಓದು ಕಣ್ಣೂ," ಎಂದ ರಂಗಸಾಮಿ. "ಇವತ್ತು ಬೀದಿಗೆಲ್ಲ ಅಮಾವಾಸ್ಯೆ."