ಕಿಟಕಿ ಪಕ್ಕದ ಸ್ಟೂಲು

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ನನ್ನ ತಲೆ ಮುಟ್ಟಿಕೊಂಡು ಹೇಳುತ್ತೇನೆ. ಅದು ಸಾಲದಿದ್ದರೆ ನನ್ನ ಭಾವನ ತಲೆಯ ಮೇಲೂ ಆಣೆ. ಅವರಿಗೆ ಕೂದಲಿಲ್ಲ, ಆಣೆ ನೇರವಾಗಿ ತಾಗುತ್ತದೆ.

ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹಂಡೆ ಕಲಕುತ್ತಿದ್ದೆ. ನನ್ನ ಒಡಹುಟ್ಟಿದ ಅಕ್ಕನಿಗೂ ಅಲ್ಲೇ ಕೆಲಸ. ಅವಳ ಕೆಲಸ ನೋಡುವುದು. ಬಿಸಿಲು ನೇರವಾಗಿ ಬೀಳದ ಒಂದು ಕಿಟಕಿ, ಅದರ ಪಕ್ಕ ಒಂದು ಸ್ಟೂಲು. ಗಿರಾಕಿ ಕೊಟ್ಟ ತುಂಡು ಒಂದು ಕೈಯಲ್ಲಿ, ಹಂಡೆಯಿಂದ ಬಂದ ತುಂಡು ಇನ್ನೊಂದು ಕೈಯಲ್ಲಿ. ಎರಡರ ಬಣ್ಣವೂ ಒಂದೇನಾ ಅಂತ ನೋಡಿ, ‘ಸರಿ’ ಅನ್ನುತ್ತಿದ್ದಳು, ಇಲ್ಲವೇ ‘ಇಲ್ಲ’ ಅನ್ನುತ್ತಿದ್ದಳು. ಇಪ್ಪತ್ತಾರು ವರ್ಷ ಇವೆರಡೇ ಮಾತು. ಎಲ್ಲರೂ ಅವಳನ್ನು ಕಣ್ಣಕ್ಕ ಅಂತಲೇ ಕರೆಯುತ್ತಿದ್ದರು.

ಆ ಕಣ್ಣು ಎಂಥದ್ದು ಅಂತೀರಿ! ಎರಡು ಕಾಗೆ ಕೂತಿದ್ದರೆ ಯಾವುದಕ್ಕೆ ವಯಸ್ಸಾಗಿದೆ ಅಂತ ಹೇಳುತ್ತಿದ್ದಳು. ಕಾರ್ಖಾನೆ ಯಜಮಾನರ ಮಾವ ಒಂದು ದಿನ ಬಂದರೆ, "ಅಂಗಿ ಹನ್ನೊಂದು ಸಲ ಒಗೆದದ್ದು, ಮೀಸೆಗೂ ತಲೆಗೂ ಬೇರೆಬೇರೆ ಪೊಟ್ಟಣದ ಬಣ್ಣ" ಅಂದುಬಿಟ್ಟಳು. ಆ ಮನುಷ್ಯ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನನಗೆ ಐದು ವರ್ಷ ಇದ್ದಾಗ, ಅವಳಿಗೆ ಒಂಬತ್ತು, "ತಮ್ಮನ ಕಣ್ಣು ಹಳದಿ ಆಗಿದೆ" ಅಂತ ಹಟ ಹಿಡಿದಳಂತೆ. ಅಮ್ಮನಿಗೆ ಕಾಣಲಿಲ್ಲ, ಡಾಕ್ಟರಿಗೂ ಕಾಣಲಿಲ್ಲ. ನಾಲ್ಕನೇ ದಿನ ಕಾಮಾಲೆ ಎಲ್ಲರಿಗೂ ಕಂಡಿತು. ಅವಳ ಹಟದಿಂದ ಮೊದಲೇ ಪಥ್ಯ ಶುರುವಾಗಿದ್ದರಿಂದ ನಾನು ಉಳಿದೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಹೊಸ ಮ್ಯಾನೇಜರ್ ಬಂದ. ಎಲ್ಲೋ ಮೂರು ದಿನದ ತರಬೇತಿ ಮುಗಿಸಿ ಬಂದವನೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. "ಇನ್ಮೇಲೆ ಇಲ್ಲಿ ಎಲ್ಲರ ಅಭಿಪ್ರಾಯಕ್ಕೂ ಒಂದೇ ಬೆಲೆ. ಏನೇ ಇದ್ರೂ ಕೈ ಎತ್ತಿ ತೀರ್ಮಾನ ಮಾಡೋಣ" ಅಂದ. ನಮಗೆ ಹಬ್ಬವೋ ಹಬ್ಬ. ನನ್ನ ಮದುವೆಯಲ್ಲೂ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಮೊದಲ ವಾರ ಕುಡಿಯುವ ನೀರಿನ ಡ್ರಮ್ಮು ಎಲ್ಲಿಡಬೇಕು ಅಂತ ಕೈ ಎತ್ತಿದೆವು. ಎರಡನೇ ವಾರ ಫ್ಯಾನಿಗೆ ಎತ್ತಿದೆವು. ಕೈ ಎತ್ತಿ ಎತ್ತಿ ನನ್ನ ಬಲಗೈ ಎಡಗೈಗಿಂತ ಎರಡು ಅಂಗುಲ ಉದ್ದ ಬೆಳೆಯಿತು, ಬೇಕಾದರೆ ಅಳೆದು ನೋಡಿ.

ಮೂರನೇ ವಾರ ಕಾವಲುಗಾರರ ಸಮವಸ್ತ್ರದ ಬಟ್ಟೆ ಬಂತು. ಮುನ್ನೂರು ಜನಕ್ಕೆ ನೀಲಿ ಕೋಟು, ಅದೇ ನೀಲಿಯ ಪ್ಯಾಂಟು. ಕೋಟಿನ ಬಟ್ಟೆ ಮುಗಿಯುವಷ್ಟರಲ್ಲಿ ಬಣ್ಣದ ಪುಡಿ ತೀರಿತು. ಮ್ಯಾನೇಜರ್ ಬೇರೆ ಕಡೆಯಿಂದ ಬೇರೆ ಪುಡಿ ತರಿಸಿ ಪ್ಯಾಂಟಿನ ಬಟ್ಟೆ ಮುಗಿಸಿದ. ಎರಡನ್ನೂ ಪ್ಯಾಕಿಂಗ್ ಕೋಣೆಯ ಮೇಜಿನ ಮೇಲೆ ಹರಡಿದರು. ಆ ಕೋಣೆಗೆ ಕಿಟಕಿಯಿಲ್ಲ, ಟ್ಯೂಬ್‌ಲೈಟು ಮಾತ್ರ.

"ಎರಡೂ ಬೇರೆ" ಅಂದಳು ಅಕ್ಕ.

"ಕಣ್ಣಕ್ಕ, ಅದು ನಿಮ್ಮ ಅಭಿಪ್ರಾಯ" ಅಂದ ಮ್ಯಾನೇಜರ್.

"ಅಭಿಪ್ರಾಯ ಅಲ್ಲ ಸ್ವಾಮಿ, ಬಣ್ಣ. ಈ ಲೈಟಲ್ಲಿ ಹೊಂದ್ಕೊಂಡಿವೆ, ಬಿಸಿಲಿಗೆ ಹೋದ್ರೆ ಪ್ಯಾಂಟು ಹಸಿರಾಗತ್ತೆ. ಅನುಮಾನ ಇದ್ರೆ ಬನ್ನಿ, ಅಂಗಳ ಹತ್ತು ಹೆಜ್ಜೆ."

ಮೇಸ್ತ್ರಿ ನಕ್ಕ. "ಬಟ್ಟೆಯೇನು ಊಸರವಳ್ಳಿನಾ ಕಣ್ಣಕ್ಕ?"

"ಹೊರಗೆ ಹೋಗ್ಬೇಕಾ ಬೇಡ್ವಾ ಅನ್ನೋದನ್ನೂ ಎಲ್ಲರೂ ಸೇರಿ ತೀರ್ಮಾನ ಮಾಡೋಣ" ಅಂದ ಮ್ಯಾನೇಜರ್. ಹೊರಗೆ ಸುಡುಬಿಸಿಲು, ಊಟದ ಹೊತ್ತು ಬೇರೆ. ಬೇಡ ಅಂತ ಕೈಗಳು ಎದ್ದವು. ಎರಡೂ ಒಂದೇ ಬಣ್ಣ ಅಂತ ಮತ್ತೆ ಎದ್ದವು. ನಲವತ್ತೊಂದು ಕೈ. ಅದರಲ್ಲಿ ಉದ್ದದ್ದು ನನ್ನದು.

ಅಕ್ಕ ಬೇರೆ ಯಾರ ಕೈಯನ್ನೂ ನೋಡಲಿಲ್ಲ. "ನಿಂಗೂ ಒಂದೇ ಥರ ಕಾಣ್ತಾ, ತಮ್ಮಾ?"

"ಕಾಣ್ತಿದೆಯಲ್ಲಕ್ಕಾ, ಏನ್ ಮಾಡ್ಲಿ?"

ಕಂಡದ್ದೇನೋ ನಿಜ. ಆದರೆ ನನಗೆ ಕಾಣದ್ದು ಅವಳಿಗೆ ಕಾಣುತ್ತದೆ ಅನ್ನುವುದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನೂ ನಾನೇ. ಅವಳು ಕೈಯಲ್ಲಿದ್ದ ತುಂಡನ್ನು ಮಡಚಿ ಮೇಜಿನ ಮೇಲಿಟ್ಟು ಸ್ಟೂಲಿಗೆ ಹೋಗಿ ಕೂತಳು. ಬಟ್ಟೆ ಲಾರಿ ಹತ್ತಿತು.

ತಿಂಗಳ ಮೇಲೆ ಕಾವಲುಗಾರರ ಕವಾಯತು. ಟ್ಯೂಬ್‌ಲೈಟಿನ ಸಭಾಂಗಣದಿಂದ ಮುನ್ನೂರು ಜನ ಸಾಲಾಗಿ, ಎದೆ ಸೆಟೆಸಿಕೊಂಡು ಹೊರಟರು. ಬಾಗಿಲು ದಾಟಿ ಮೈದಾನಕ್ಕೆ ಕಾಲಿಟ್ಟದ್ದೇ ತಡ, ಸೊಂಟದ ಮೇಲೆ ನೀಲಿ, ಕೆಳಗೆ ಗಿಳಿ! ಒಂದೊಂದೇ ಸಾಲು ಬಿಸಿಲಿಗೆ ಬಂದ ಹಾಗೆ ಹಸಿರಾಗುತ್ತಾ ಹೋಯಿತಂತೆ. ಮೇಯುತ್ತಿದ್ದ ಮೇಕೆಯೊಂದು ಮುಂದಿದ್ದವನ ಮೊಣಕಾಲಿಗೇ ಬಾಯಿ ಹಾಕಿತು. ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟೂ ಬಟ್ಟೆ ವಾಪಸ್ ಬಂತು.

ಯಜಮಾನರು ಬಂದು ಅಂಗಳದಲ್ಲಿ ನಿಂತು, "ಯಾರ ತಪ್ಪಿದು?" ಅಂತ ಗುಡುಗಿದರು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ಸಾರ್, ನಲವತ್ತೊಂದು ಜನಕ್ಕೆ ಗೊತ್ತಾಗ್ಲಿಲ್ಲ. ಪಾಪ, ಅವರ ಕಣ್ಣು ಅಷ್ಟೇ. ಗೊತ್ತಿದ್ದದ್ದು ಒಬ್ಬರಿಗೇ. ಗೊತ್ತಿದ್ದೂ ಲಾರಿ ಹತ್ತೋಕೆ ಬಿಟ್ರು."

"ಹೇಳಿದ್ನಲ್ಲ!" ಅಂದಳು ಅಕ್ಕ.

"ಹೇಳಿದ್ರಿ. ಗಟ್ಟಿಯಾಗಿ ಹೇಳ್ಬೇಕಿತ್ತು. ನಿಮ್ಮ ಮಾತಿಗೆ ಎಷ್ಟು ಬೆಲೆ ಅಂತ ನಿಮಗೇ ಗೊತ್ತಿರ್ಲಿಲ್ವಾ?"

ಕೈ ಎತ್ತುವಾಗ ನಲವತ್ತೆರಡರಲ್ಲಿ ಒಂದಾಗಿದ್ದ ಅಭಿಪ್ರಾಯ, ತಪ್ಪು ಹೊರುವಾಗ ಒಂದೇ ಒಂದಾಯಿತು ನೋಡಿ. ಕಣ್ಣಕ್ಕ ಇರಬೇಕಾ ಬೇಡವಾ ಅಂತ ಅವತ್ತೇ ಮತ್ತೆ ಕೈ ಎತ್ತಿಸಿದರು. ನಾನು ಎತ್ತಲಿಲ್ಲ, ನನಗೂ ಮಾನ ಇದೆ. ಬೇಡ ಅಂದವರ ಜೊತೆ ತಲೆ ಅಲ್ಲಾಡಿಸಿದೆ, ಅಷ್ಟೇ.

ಖಾಲಿ ಸ್ಟೂಲು ಯಾರಿಗೆ? "ಒಂದೇ ರಕ್ತ, ಅದೇ ಕಣ್ಣು ಇರತ್ತೆ" ಅಂದ ಮ್ಯಾನೇಜರ್. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಹಂಡೆಯ ಹಬೆಯಲ್ಲಿ ಬೇಯುವುದಕ್ಕಿಂತ ಕಿಟಕಿಯ ಗಾಳಿ ಹಿತ.

ಈಗ ಅಕ್ಕ ಮನೆಯಲ್ಲಿದ್ದಾಳೆ. ಸಂಜೆ ನಾನು ಹೋದರೆ ತಟ್ಟೆ ಇಡುತ್ತಾಳೆ. ನನ್ನ ಅಂಗಿಯ ತೋಳಿನ ಮೇಲಿನ ಕಲೆ ನೋಡುತ್ತಾಳೆ. ಅವತ್ತು ನಾನು ಯಾವ ಬಣ್ಣ ತಪ್ಪಾಗಿ ಪಾಸು ಮಾಡಿದೆ ಅಂತ ಅವಳಿಗೆ ತಿಳಿಯುತ್ತದೆ. ಅನ್ನ ಬಡಿಸಿ ಒಳಗೆ ಹೋಗುತ್ತಾಳೆ. ಕನ್ನಡಿಯಲ್ಲಿ ನನ್ನ ಕಣ್ಣು ಬೆಳ್ಳಗೇ ಕಾಣುತ್ತದೆ. ಅದು ನನಗೆ ಕಾಣುವುದು. ಅವಳನ್ನು ಕೇಳುವ ಧೈರ್ಯ ಇಲ್ಲ.

ಇರಲಿ ಬಿಡಿ. ಹೇಗೂ ಇಷ್ಟು ಹೊತ್ತು ಕೂತು ಕೇಳಿದ್ದೀರಿ, ಒಂದು ಉಪಕಾರ ಮಾಡಿ. ಇಗೋ ಎರಡು ತುಂಡು, ಹೊರಗೆ ಲಾರಿ ಕಾಯುತ್ತಿದೆ. ಒಂದೇ ಬಣ್ಣವೋ, ಬೇರೆಯೋ? ಅಂಗಳಕ್ಕೆ ಹೋಗುವುದೇನೂ ಬೇಡ, ಇಲ್ಲಿಂದಲೇ ಹೇಳಿ. ಹಾಂ, ಸ್ವಲ್ಪ ಗಟ್ಟಿಯಾಗಿ. ನಾಳೆ ಯಾರಾದರೂ ಕೇಳಿದರೆ, ಹೇಳಿದವರು ನೀವು ಅಂತ ನಾಲ್ಕು ಜನಕ್ಕೆ ಗೊತ್ತಿರಲಿ.