ಕೀಲಿರಾಯನ ಕಣ್ಣೀರು

ಕೀಲಿರಾಯ ಯಾಕೆ ಕೆಟ್ಟವನಾದ ಎಂಬ ಚರ್ಚೆ ಕಲಬುರಗಿಯ ಆ ಎ.ಸಿ. ಕೋಣೆಯಲ್ಲಿ ಎರಡು ತಾಸಿನಿಂದ ನಡೆದಿತ್ತು. ಅವನನ್ನು ಹುಟ್ಟಿಸಿದ ಗೌತಮನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಗೌತಮ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ನಂದೂರಿನ ದಾಲ್‌ಮಿಲ್ಲು ಸೇರಿದವನು. ಊರು ಕಮಲಾಪುರ. ಬಿಡುವಿನಲ್ಲಿ ಗೀಚಿ ಗೀಚಿ ಮೂವತ್ತು ಪುಟದ ಕಾಮಿಕ್ಸ್ ಮಾಡಿದ್ದ. ಅದರಲ್ಲಿ ಕೀಲಿರಾಯನೆಂಬ ರಾಕ್ಷಸ ಊರಿನ ನೀರಿನ ಟಾಕಿಗೆ ಬೀಗ ಜಡಿದು, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು, ಕೆಳಗಿನ ಓಣಿಯವರ ಖಾಲಿ ಕೊಡ ನೋಡಿ ನಗುತ್ತಿದ್ದ. ಪುಸ್ತಕವನ್ನು ಅಚ್ಚು ಹಾಕಿಸುತ್ತೇವೆಂದು ನಗರದ ಸಾಹಿತ್ಯ ಬಳಗವೊಂದು ಮಾತು ಕೊಟ್ಟಿತ್ತು. ಬಳಗದವರು ಒಪ್ಪಬೇಕು, ಅಷ್ಟೆ.

"ಅಂವ ಸುಮ್‌ಸುಮ್ನೆ ಕೆಟ್ಟವ ಆಗ್ಯಾನಂದ್ರ ಹ್ಯಾಂಗ ನಂಬೋದು ತಮ್ಮಾ?" ಎಂದರು ಬಳಗದ ಅಧ್ಯಕ್ಷರಾದ ನಿವೃತ್ತ ಪ್ರೊಫೆಸರ್ ದೇವೀಂದ್ರಪ್ಪ. "ಸಣ್ಣಾಂವ ಇದ್ದಾಗ ಅವಗ ಏನರೆ ನೋವು ಆಗಿರಬೇಕು."

"ತಾಯಿ ಪ್ರೀತಿ ಸಿಕ್ಕಿಲ್ರೀ ಸರ್," ಎಂದಳು ಸೌಂದರ್ಯಾ. ಖಳನಾಯಕರ ಒಳತೋಟಿಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ ಆಕೆಯ ಕಣ್ಣು ಆಗಲೇ ಒದ್ದೆಯಾಗಿತ್ತು. "ಅಂವ ಕೀಲಿ ಹಾಕ್ಕೋತ ಪ್ರೀತಿ ಹುಡುಕಾಕತ್ತಾನ್ರೀ."

"ಮತ್ತ ನಮ್ಮ ಮಂದಿ ಕೊಡ ಹಿಡಕೊಂಡು ಏನ್ ಹುಡುಕಾಕತ್ತಾರ್ರೀ ಮೇಡಂ?" ಎಂದ ಗೌತಮ.

ದೇವೀಂದ್ರಪ್ಪನವರು ಮೇಜಿನ ಮೇಲಿನ ಬಾಟಲಿಯಿಂದ ಎರಡು ಗುಟುಕು ಕುಡಿದು, ಉಳಿದ ನೀರನ್ನು ಅಲ್ಲೇ ಬಿಟ್ಟು ತೀರ್ಪು ಕೊಟ್ಟರು: "ಕಡೀ ಪುಟ ತಿದ್ದಿ ತಾ. ಅಂವ ತನ್ನ ಕತಿ ಹೇಳ್ಬೇಕು, ಅಳ್ಬೇಕು. ಆಮ್ಯಾಲೆ ಅಚ್ಚು."

ಸಿಟ್ಟು ನೆತ್ತಿಗೇರಿಸಿಕೊಂಡು ಗೌತಮ ಕಮಲಾಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕೀಲಿರಾಯನಿಗೊಂದು ನೋವು ಹುಡುಕಿದ, ಸಿಗಲಿಲ್ಲ. ಅಚ್ಚಾದ ಪುಸ್ತಕದ ಮೇಲೆ ತನ್ನ ಹೆಸರು ನೋಡುವ ಹಾಳು ಆಸೆಯೂ ಬಿಡಲೊಲ್ಲದು.

ಅಜ್ಜಿ ಅಂಬಮ್ಮ ಕೆಂಪು ಬಾಳೆಯ ತೋಟದ ಕೂಲಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಓದು ಬಾರದ ಆಕೆಗೆ ಒಂದೊಂದೇ ಚಿತ್ರ ತೋರಿಸುತ್ತ ಕಥೆ ಹೇಳಿದ.

"ಕಡೀಕ ಅಂವ ಅಳ್ಬೇಕಂತ ನೋಡು ಆಯಿ."

"ಅಳಲಿ. ಯಾರ್ ಬ್ಯಾಡ ಅಂದಾರ?" ಅಂಬಮ್ಮ ಎಲೆಗೆ ಸುಣ್ಣ ಹಚ್ಚಿದಳು. "ಅಳೋವಾಗ ಕೀಲಿಕೈ ಎಲ್ಲಿರ್ತದ?"

"ಉಡದಾರದಾಗ."

"ಅವನ ಕೈ?"

"ಕಣ್ಣೀರು ಒರಸಾಕತ್ತಿರ್ತಾವ."

"ಮತ್ತೇನೋ ಮಬ್ಬಾ!" ಎಂದು ಮೊಮ್ಮಗನ ತಲೆಗೆ ಮೊಟಕಿದಳು.

ಮುಂದಿನ ಭಾನುವಾರ ಅದೇ ಕೋಣೆ, ಹೊಸ ಕಡೇ ಪುಟ. ಕೀಲಿರಾಯ ಬಾಲ್ಯ ನೆನೆದು ಬಿಕ್ಕುತ್ತಿದ್ದಾನೆ. ಸುತ್ತ ಕನ್ನಡಕದ ಪಂಡಿತರು ಕರವಸ್ತ್ರ ಹಿಡಿದು ಕೂತಿದ್ದಾರೆ. ಹಿಂದಿನಿಂದ ಬಂದ ಮುದುಕಿಯೊಬ್ಬಳು ಉಡದಾರ ಕತ್ತರಿಸಿ, ಕೀಲಿಕೈ ಒಯ್ದು, ಟಾಕಿಯ ಬೀಗ ತೆಗೆದಿದ್ದಾಳೆ. ಓಣಿಯ ನಳದಲ್ಲಿ ನೀರು ಧೋ ಎನ್ನುವಾಗ ಕೀಲಿರಾಯನ ಕಥೆ ಇನ್ನೂ ಅವನ ಮೂರನೆಯ ವಯಸ್ಸಿನಲ್ಲೇ ಇದೆ.

"ಅಳು ಮಸ್ತ್ ಬಂದದ," ಎಂದಳು ಸೌಂದರ್ಯಾ.

ದೇವೀಂದ್ರಪ್ಪನವರ ಹುಬ್ಬು ಗಂಟಾಯಿತು. "ಖರೆ. ಆದ್ರ ಈ ಮುದುಕಿ? ಅಳೋ ಮನಷ್ಯಾನ ಉಡದಾರಕ್ಕ ಕೈ ಹಾಕ್ಯಾಳಲ್ಲ, ಇದು ಕಳವು ಅಲ್ಲೇನು? ಈಕಿ ನೈತಿಕತೆ ಏನು?"

"ಕೇಳಿ ತಗೋಬೇಕಿತ್ರೀ ಸರ್. ಅವನ ನಂಬಿಕೆ ಒಡದಾಳ," ಎಂದಳು ಸೌಂದರ್ಯಾ.

"ಮುದುಕಿ ಕೀಲಿಕೈ ವಾಪಸ್ ಕೊಟ್ಟು ಮಾಫಿ ಕೇಳಲಿ. ಅಷ್ಟು ತಿದ್ದು ತಮ್ಮಾ, ನಾಳೆನೇ ಅಚ್ಚಿಗೆ ಕಳಸ್ತೀವಿ."

ನಾಳೆಯೇ! ಗೌತಮನ ಕೈ ಪೆನ್ಸಿಲ್ ತನಕ ಹೋಯಿತು. ಅಲ್ಲೇ ನಿಂತಿತು. "ಈಕಿ ಸಣ್ಣಾಕಿ ಇದ್ದಾಗಿಂದ ಕೊಡ ಹೊತ್ತಾಳ್ರೀ," ಎಂದ. "ಯಾರೂ ಕೇಳಿಲ್ಲ."

ಈಗಲೂ ಕೇಳಲಿಲ್ಲ. ಕಳವು ದೊಡ್ಡದೋ ನಂಬಿಕೆದ್ರೋಹ ದೊಡ್ಡದೋ ಎಂದು ಇಬ್ಬರೂ ಜಗ್ಗಾಡುತ್ತಿದ್ದರು. ಗೌತಮ ಪುಟ ಜೋಡಿಸಿಕೊಂಡ. ಅಧ್ಯಕ್ಷರ ಮೂಗಿನಡಿಯ ತುಂಬಿದ ಬಾಟಲಿಯನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡ. ಅವರಿಗೆ ಗೊತ್ತೇ ಆಗಲಿಲ್ಲ.

ಗಂಜ್ ಮಾರುಕಟ್ಟೆಯ ಜೆರಾಕ್ಸ್ ಅಂಗಡಿಯ ಸರ್ಫರಾಜ್ ಕಡೇ ಪುಟದ ಮುದುಕಿಯನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. "ಅರೆ ವಾಹ್, ಬುಡ್ಡಿ ಭಾರಿ ಅದಾಳಲ್ಲೋ! ಏನರೆ ತಿದ್ದೋದು ಅದ ಏನು?"

"ಏನೂ ಇಲ್ಲ," ಎಂದ ಗೌತಮ, ಬಾಟಲಿಯ ಮುಚ್ಚಳ ತಿರುವುತ್ತ. "ನೂರು ಕಾಪಿ ಹೊಡಿ."