ಬಿಸಿಲಿಗೆ ಹಿಡಿದ ಪಚ್ಚೆ

ಸಗರದ ಮಾಳಮ್ಮನ ಗಂಡ ಬೀರಣ್ಣ ವರ್ಷದ ಬಹುಪಾಲು ಕುರಿಗಳ ಹಿಂದೆ ಅಡವಿಯಲ್ಲೇ ಇರುತ್ತಿದ್ದ. ಹೀಗಾಗಿ ಮಾರುವುದು, ಕೊಳ್ಳುವುದು, ಬಂದ ರೊಕ್ಕ ಜತನ ಮಾಡುವುದು ಎಲ್ಲ ಮಾಳಮ್ಮನದೇ. ಹಿಂಡಿನಲ್ಲಿ ಹುಟ್ಟಿದ ಟಗರುಗಳನ್ನು ಮಾರಿ ಮಾರಿ ಅವಳು ಒಂದು ಗಡಿಗೆ ತುಂಬ ಹಾಲಿ ಸಿಕ್ಕಾ ಕೂಡಿಟ್ಟಿದ್ದಳು. ಹಾಲಿ ಸಿಕ್ಕಾ ಅಂದರೆ ನಿಜಾಮರ ರೂಪಾಯಿ. ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷವಾಗಿತ್ತು, ರಾಜ್ಯ ಹಿಂದುಸ್ತಾನದಲ್ಲಿ ಸೇರಿತ್ತು. ಇನ್ನು ಮುಂದೆ ಸಿಕ್ಕಾ ನಡೆಯುವುದಿಲ್ಲ, ದಿಲ್ಲಿಯ ಕಲ್ದಾರ ರೂಪಾಯಿ ಮಾತ್ರ ನಡೆಯುತ್ತದೆ ಎಂಬ ಸುದ್ದಿ ಊರೂರು ತಿರುಗುತ್ತಿತ್ತು.

"ಕರಗಿಸಿ ಗಂಟಿ ಮಾಡಿಸು. ಕುರಿ ಕೊರಳಿಗೆ ಕಟ್ಟೂಣು" ಅಂದಿದ್ದ ಬೀರಣ್ಣ. ನಗಿಸಲು ಅಂದದ್ದೇ. ಆದರೆ ಅಂದ ಮೇಲೆ ಇಬ್ಬರಿಗೂ ನಗು ಬರಲಿಲ್ಲ.

ಅಂಥ ಹೊತ್ತಿನಲ್ಲಿ ಸುರಪುರದ ಲಾಲಪ್ಪ ಅವರ ಮನೆಗೆ ಬಂದ. ದೊಡ್ಡ ಮನೆತನಗಳ ಒಡವೆ ಸಾಮಾನು ಮಾರಿಸಿಕೊಡುವ ದಲಾಲಿ ಅವನದು. ಈಗೀಗ ಅವನಿಗೆ ಕೈತುಂಬ ಕೆಲಸ. ಜಹಗೀರು ಹೋದವರು, ನೌಕರಿ ಹೋದವರು ಎಲ್ಲರೂ ಏನಾದರೊಂದು ಮಾರುತ್ತಿದ್ದರು. ಕಂಬಳಿಯ ಮೇಲೆ ಕೂತು ನೀರು ಕುಡಿದು, ಜೇಬಿನಿಂದ ಒಂದು ಉಂಗುರ ತೆಗೆದು ಮಾಳಮ್ಮನ ಅಂಗೈಯಲ್ಲಿಟ್ಟ. ಅದರಲ್ಲಿ ಹುಣಸೆ ಬೀಜದಷ್ಟು ದೊಡ್ಡ ಹಸಿರು ಹರಳಿತ್ತು.

"ಪಚ್ಚಿ ಇದು, ಮಾಳವ್ವ. ಹೈದರಾಬಾದಿನ ಖಾನದಾನಿ ಮಂದೀದು. ನಿನ್ನ ಸಿಕ್ಕಾ ನಾಳಿ ಹಂಚಾಗತದ. ಇದು ಮೊಮ್ಮಕ್ಕಳ ಕಾಲಕ್ಕೂ ಪಚ್ಚೀನೇ."

"ಇದು ಅಸಲಿ ಅಂತ ಯಾರರೆ ಬರದು ಕೊಟ್ಟಾರೇನು?"

"ಹಳ್ಳಿಗೆ ಯಾರು ಬರದು ಕೊಡ್ತಾರವಾ? ನನ್ನ ಮಾತೇ ಖಾತ್ರಿ."

ಅವನು ಹೇಳಿದ ಬೆಲೆಗೆ ಮೂವತ್ತು ಕುರಿ ಬರುತ್ತಿದ್ದವು. ಮಾಳಮ್ಮ ಹರಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕುರಿಯಾಗಿದ್ದರೆ ಬಾಯಿ ತೆರೆದು ಹಲ್ಲು ನೋಡುತ್ತಿದ್ದಳು, ಬೆನ್ನು ಹಿಚುಕುತ್ತಿದ್ದಳು, ನಾಲ್ಕು ಹೆಜ್ಜೆ ನಡೆಸುತ್ತಿದ್ದಳು. "ಇದರ ಬಾಯಿ ಎಲ್ಲದ ಅನ್ನೂದೂ ನನಗ ತಿಳೀವಲ್ದು" ಅಂದಳು. "ಯಾರ ಮನೀದು ಇದು?"

"ಅದ್ಯಾಕ ನಿನಗ? ಹೆಸರು ಹೇಳಬ್ಯಾಡ ಅಂದಾರ."

"ಅದು ಇದ್ದ ಹಟ್ಟಿ ನೋಡದ ನಾ ಕುರಿ ತಗೊಂಡಾಕಿ ಅಲ್ಲ. ಹೆಸರು ಹೇಳು, ಇಲ್ಲಂದ್ರ ತಗೊಂಡು ನಡಿ."

ಅವಳು ಉಂಗುರ ಮರಳಿ ಚಾಚಿದ ಮೇಲೆ ಲಾಲಪ್ಪ ದನಿ ತಗ್ಗಿಸಿ ಹೇಳಿದ: ಶಹಾಪುರದ ನಸೀರುದ್ದೀನ ಗಿರ್ದಾವರರ ಮನೆಯದು.

ಮಾಳಮ್ಮನಿಗೆ ಆ ಮನೆ ಗೊತ್ತಿತ್ತು. ಪ್ರತಿ ಬಕ್ರೀದಿಗೆ ಅವರಿಗೆ ಟಗರು ಕೊಡುತ್ತಿದ್ದವಳು ಅವಳೇ. ಗಿರ್ದಾವರರು ಹೊಲಗಳ ಸರ್ಕಾರಿ ತಪಾಸಣೆ ಮಾಡುತ್ತ ಕುದುರೆಯ ಮೇಲೆ ತಿರುಗುತ್ತಿದ್ದ ಕಾಲದಲ್ಲಿ, ಅವರ ಹೆಂಡತಿ ಮಮ್ತಾಜ ಅವಳನ್ನು ಒಳಗೆ ಕರೆದು ಕೂಡಿಸಿ ಬೆಲ್ಲ ಕೊಬ್ಬರಿ ಕೊಡುತ್ತಿದ್ದಳು. ಹೋದ ಎರಡು ಬಕ್ರೀದಿಗೆ ಟಗರು ಬೇಕೆಂದು ಆ ಮನೆಯಿಂದ ಹೇಳಿಕೆ ಬಂದಿರಲಿಲ್ಲ.

ಮರುದಿನವೇ ಅವಳು ಶಹಾಪುರಕ್ಕೆ ಹೋದಳು. ನಸೀರುದ್ದೀನ ಹೊರಗಿನ ಕಟ್ಟೆಯ ಮೇಲೆ ಮೊಣಕಾಲಿಗೆ ಪಾಟಿ ಆನಿಸಿಕೊಂಡು ಕನ್ನಡ ಅಕ್ಷರ ತಿದ್ದುತ್ತಿದ್ದ. ಅವನ ಕಚೇರಿ ಮುಚ್ಚಿಹೋಗಿತ್ತು. ಕನ್ನಡ ಓದು ಬರಹ ಬಂದರೆ ಬೇರೆ ಕಡೆ ಕೆಲಸ ಸಿಕ್ಕೀತೆಂದು ಯಾರೋ ಹೇಳಿದ್ದರು. ಮಾಳಮ್ಮನನ್ನು ಕಂಡು ಅವನು ಪಾಟಿಯನ್ನು ಮಗ್ಗುಲಿಗೆ ಸರಿಸಿ, "ಬಾ ಮಾಳವ್ವ, ಒಳಗ ಹೋಗು. ಮನಿಯವರು ಒಳಗಿದ್ದಾರ" ಅಂದ.

ಉಂಗುರದ ಮಾತು ಕೇಳಿ ಮಮ್ತಾಜಳ ಮುಖ ಕೆಂಪಾಯಿತು. "ಲಾಲಪ್ಪ ನಮ್ಮ ಹೆಸರು ಹೇಳಬಾರದಾಗಿತ್ತು."

"ನಾನೇ ಹೇಳಿಸಿದೆರಿ ಬೀಬಿ. ಅವನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಮೂವತ್ತು ಕುರಿ ಬೆಲಿ ಹೇಳ್ಯಾನ."

"ಮೂವತ್ತಾ?" ಮಮ್ತಾಜ ಬೆರಗಾದಳು. ಅವಳು ಕೇಳಿದ್ದು ಇಪ್ಪತ್ತು ಕುರಿಗಾಗುವಷ್ಟು ಮಾತ್ರ. ನಡುವಿನ ಹತ್ತು ಲಾಲಪ್ಪನ ಲಾಭ ಎಂದು ಇಬ್ಬರಿಗೂ ತಿಳಿಯಿತು.

"ಇಪ್ಪತ್ತೇ ಆಗಲಿ, ಮಾಲಿನ ಮಾತು ನೀವೇ ಹೇಳ್ರಿ. ಇದು ಅಸಲಿ ಹೌದೇನ್ರಿ?"

"ನಮ್ಮ ನಾನಿ ಬೆರಳಾಗಿತ್ತು ಇದು. ಮನ್ಯಾಗ ಎಲ್ಲಾರೂ ಅಸಲಿ ಅಂತಿದ್ರು. ಯಾರೂ ಯಾರಿಗೂ ತೋರಿಸಿದ್ದಿಲ್ಲ." ಮಮ್ತಾಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಖರೇ ಹೇಳಬೇಕಂದ್ರ, ನನಗೂ ಗೊತ್ತಿಲ್ಲ ಮಾಳವ್ವ."

ಆ ಮಾತಿಗೆ ಮಾಳಮ್ಮನ ಮನಸ್ಸು ಹಗುರಾಯಿತು. ಸಂತೆಯಲ್ಲಿ ಇಷ್ಟು ವರ್ಷ ತಿರುಗಿದರೂ, ಮಾರುವವರು ಗೊತ್ತಿಲ್ಲ ಅಂದದ್ದನ್ನು ಅವಳು ಕೇಳಿರಲಿಲ್ಲ.

"ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿದ್ದವರ ಕಡಿ ಇಬ್ರೂ ಕೂಡೇ ಹೋಗೂಣು ನಡೀರಿ."

ಯಾದಗಿರಿಯಲ್ಲಿ ಸುಲ್ತಾನಸಾಬ ಎಂಬ ಮುದುಕನಿದ್ದ. ಹೈದರಾಬಾದಿನ ದೊಡ್ಡ ಅಂಗಡಿಯಲ್ಲಿ ವಯಸ್ಸಿಡೀ ಹರಳು ಕೂಡ್ರಿಸಿ, ಈಗ ಮಗಳ ಊರಿಗೆ ಬಂದು ಸಣ್ಣ ಅಂಗಡಿ ಇಟ್ಟಿದ್ದ. ಉಂಗುರವನ್ನು ಲಾಲಪ್ಪನಿಂದ ಮರಳಿ ತರಿಸಿಕೊಂಡು ಮುಂದಿನ ವಾರ ಇಬ್ಬರೂ ಯಾದಗಿರಿಯ ಮೋಟಾರು ಹತ್ತಿದರು. ಮಮ್ತಾಜ ಬುರ್ಖಾದ ಒಳಗೆ ಉಂಗುರದ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮೋಟಾರು ತುಂಬ ಕೋಳಿ, ಮೆಣಸಿನಕಾಯಿ ಚೀಲ, ಗುರುಮಠಕಲ್ ಕಡೆಯ ತೆಲುಗು ಮಾತು.

"ಇದನ್ನ ಮಾರಿ ಏನು ಮಾಡ್ತೀರಿ ಬೀಬಿ?" ಮಾಳಮ್ಮ ಕೇಳಿದಳು.

"ಹೊಲಿಗಿ ಮಿಷನ್ ತಗೋತೀನಿ. ಹೈದರಾಬಾದಿನ್ಯಾಗ ಸಣ್ಣಾಕಿದ್ದಾಗ ಕಟಿಂಗ್ ಕಲ್ತಿದ್ದೆ." ಸ್ವಲ್ಪ ತಡೆದು ಮಮ್ತಾಜ ಮುಂದುವರಿಸಿದಳು: "ನಮ್ಮ ಮೈದುನ್ರು ಕರಾಚಿಗೆ ಹೋಗ್ಯಾರ. ನೀವೂ ಬರ್ರಿ ಅಂತ ಹೇಳಿ ಕಳಸಾಕತ್ತಾರ. ನನಗ ಹೋಗಾಕ ಮನಸಿಲ್ಲ. ಇಲ್ಲೇ ಹೊಟ್ಟಿಪಾಡು ನಡೀತಂದ್ರ ನಮ್ಮ ಮನಿಯವರೂ ಒಪ್ಪತಾರ."

ಮಾಳಮ್ಮ ಕಿಟಕಿಯಾಚೆ ನೋಡುತ್ತ ಕೂತಳು. ಹರಳು ಸುಳ್ಳಾದರೆ ಈ ಹೆಣ್ಣು ಊರು ಬಿಟ್ಟು ಹೋಗಬೇಕಾಗುತ್ತದೆ. ಆದರೆ ಪಾಪ ಅಂತ ಗಾಜನ್ನು ಕೊಂಡರೆ ಬೀರಣ್ಣ ಬಿಸಿಲಲ್ಲಿ ಬೆಂದು ಗಳಿಸಿದ್ದು ಹಾಳಾಗುತ್ತದೆ. ಆ ಮಾತು ಕೇಳದೆ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಮೋಟಾರು ಭೀಮೆಯನ್ನು ದಾಟಿ ಯಾದಗಿರಿ ಸೇರಿತು.

ಸುಲ್ತಾನಸಾಬ ಉಂಗುರವನ್ನು ಮೊದಲು ತುಟಿಗೆ ಮುಟ್ಟಿಸಿ ತಂಪು ನೋಡಿದ. ಆಮೇಲೆ ಕಣ್ಣಿಗೆ ಹರಳು ನೋಡುವ ಸಣ್ಣ ದುರ್ಬೀನು ಸಿಕ್ಕಿಸಿಕೊಂಡು ಬಾಗಿಲ ಬೆಳಕಿಗೆ ತಿರುಗಿ ಬಹಳ ಹೊತ್ತು ನೋಡಿದ.

"ಯಾರು ಮಾರವ್ರು, ಯಾರು ತಗೊಳ್ಳವ್ರು?"

"ನಾನು ಮಾರಾಕಿ ಚಚ್ಚಾ. ಇಕಿ ತಗೊಳ್ಳಾಕಿ" ಅಂದಳು ಮಮ್ತಾಜ.

ಮುದುಕ ದುರ್ಬೀನು ತೆಗೆದು ಇಬ್ಬರನ್ನೂ ನೋಡಿದ. "ಕೂಡಿ ಬಂದೀರಿ. ಹಂಗಾರ ಇಬ್ಬರ ಮುಂದೂ ಒಂದೇ ಮಾತು ಹೇಳತೀನಿ. ಗಾಜಿನ್ಯಾಗ ಗುಳ್ಳಿ ಇರತಾವ. ಇದರಾಗ ಗುಳ್ಳಿ ಕಾಣವಲ್ದು, ಎಳಿ ಎಳಿ ಜಾಲ ಕಾಣತದ. ಅದು ಚಲೋ ಗುರ್ತು. ಆದ್ರ ಹಿಂದ ಬಂಗಾರ ಮುಚ್ಚ್ಯಾರ. ಅದರ ಒಳಗ ಏನದ ಅಂತ ನನಗ ಕಾಣಂಗಿಲ್ಲ. ಮ್ಯಾಲಷ್ಟೇ ಪಚ್ಚಿ ಇಟ್ಟು ಕೆಳಗ ಗಾಜು ಅಂಟಿಸೂ ಮಂದಿ ಇದ್ದಾರ."

"ಹಂಗಾರ ಹೆಂಗ್ರಿ ಸಾಬರ?" ಮಾಳಮ್ಮ ಕೇಳಿದಳು.

"ಬಿಚ್ಚಬೇಕು. ಬಿಚ್ಚುವಾಗ ಹಳ್ಳು ಚಕ್ಕಿ ಎದ್ರೂ ಏಳಬಹುದು. ಪಚ್ಚಿ ಬಾಳ ನಾಜೂಕು."

ಮಮ್ತಾಜ ಉಂಗುರಕ್ಕೆ ಕೈ ಚಾಚಿ ಮತ್ತೆ ಹಿಂದೆ ತೆಗೆದಳು. ಮುಚ್ಚಿಕೊಂಡೇ ಇದ್ದರೆ ಅದು ಅಸಲಿಯೇ. ಲಾಲಪ್ಪ ಹೇಗಾದರೂ ಯಾರಿಗಾದರೂ ಮಾರಿಸಿಯೂ ಕೊಟ್ಟಾನು. ಅವಳು ಏನು ಯೋಚಿಸುತ್ತಿದ್ದಾಳೆಂದು ಮಾಳಮ್ಮನಿಗೆ ಅರ್ಥವಾಯಿತು.

"ಒಡದ್ರ ಅರ್ಧ ಲುಕ್ಸಾನ ನಂದು" ಅಂದಳು. "ಬಿಚ್ಚಿಸ್ರಿ, ಇಲ್ಲಾ ಬಿಡ್ರಿ. ನಾ ಏನೂ ಅನ್ನಂಗಿಲ್ಲ."

"ಬಿಚ್ಚ್ರಿ ಚಚ್ಚಾ" ಅಂದಳು ಮಮ್ತಾಜ. "ಇಷ್ಟು ದಿನ ಕೇಳಿದ ಮಾತು ಸಾಕು. ಒಮ್ಮಿ ತಿಳಕೋತೀನಿ."

ಮುದುಕ ಸಣ್ಣ ಉಳಿ ತೆಗೆದುಕೊಂಡು ಅಂಚಿನ ಬಂಗಾರವನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತುತ್ತ ಹೋದ. ಹರಳು ಸಡಿಲವಾಗಿ ಮೆತ್ತನೆಯ ಬಟ್ಟೆಯ ಮೇಲೆ ಬಿತ್ತು. ಅದರ ಕೆಳಗೆ, ಉಂಗುರದ ಗುಳಿಯಲ್ಲಿ, ಹಸಿರು ಬಣ್ಣ ಬಳಿದ ತೆಳ್ಳನೆಯ ಬೆಳ್ಳಿಯ ತಗಡಿತ್ತು.

ಮಮ್ತಾಜ ಗೋಡೆಗೆ ಒರಗಿದಳು. "ಸುಳ್ಳೇ ಆಯ್ತಲ್ಲ?"

"ತಡಿ ಬೇಟಿ." ಸುಲ್ತಾನಸಾಬ ಹರಳನ್ನು ತೊಳೆದು, ಒರೆಸಿ, ಚಿಮಟಿಗೆಯಲ್ಲಿ ಹಿಡಿದು ಬಾಗಿಲಾಚೆ ಬಿಸಿಲಿಗೆ ಒಡ್ಡಿದ. ಹಿಂದೆ ಮುಂದೆ ತಿರುಗಿಸಿದ. ದುರ್ಬೀನು ಹಾಕಿಕೊಂಡು ಮತ್ತೆ ನೋಡಿದ. "ಪಚ್ಚೀನೇ. ಪೂರಾ ಒಂದೇ ಹಳ್ಳು, ಅಂಟಿಸಿದ್ದಲ್ಲ. ಆದ್ರ ನೀವು ನೋಡಿದ ದಟ್ಟ ಹಸಿರು ತಗಡಿಂದಿತ್ತು. ಇದರ ಸ್ವಂತ ಬಣ್ಣ ತಿಳಿ. ಅಂಚಿಗೆ ಒಂದು ಬಿರುಕೂ ಅದ, ಎಣ್ಣಿ ಕುಡಿಸಿ ಮುಚ್ಚಿದ್ರು."

"ಎಷ್ಟು ಬಾಳತದ್ರಿ?" ಮಾಳಮ್ಮ ಕೇಳಿದಳು.

ಅವನು ಹೇಳಿದ ಬೆಲೆಗೆ ಒಂಬತ್ತೋ ಹತ್ತೋ ಕುರಿ ಬರುತ್ತಿದ್ದವು. "ಇದು ನನ್ನ ಕಣ್ಣಿನ ಮಾತು. ಹೈದರಾಬಾದಿನ್ಯಾಗ ಇನ್ನೊಬ್ಬ ಹೆಚ್ಚೂ ಅಂದಾನು, ಕಡಿಮೀನೂ ಅಂದಾನು." ಆಮೇಲೆ ಮಾಳಮ್ಮನ ಕಡೆ ತಿರುಗಿದ. "ನೀ ಯಾಕ ತಗೋತಿ ಇದನ್ನ?"

ಅವಳು ಸಿಕ್ಕಾದ ಮಾತು ಹೇಳಿದಳು.

"ಸಿಕ್ಕಾ ಹಾಳಾಗಂಗಿಲ್ಲವಾ. ಖಜಾನಿಗೆ ಒಯ್ದು ಕೊಟ್ರ ಬದಲಿ ಕೊಡ್ತಾರ, ಏಳಕ್ಕ ಆರು ಕಲ್ದಾರ. ನಾನೂ ತಂದೀನಿ, ನಮ್ಮ ಓಣಿ ಮಂದೀನೂ ತಂದಾರ." ಅವನು ಪೆಟ್ಟಿಗೆ ತೆರೆದು ಹೊಸ ನೋಟುಗಳನ್ನು ತೋರಿಸಿದ. "ರೊಕ್ಕ ಉಳಸಾಕ ಅಂದ್ರ ಹಳ್ಳು ತಗೋಬ್ಯಾಡ. ಕುರಿ ಯಾವ ಸಂತ್ಯಾಗರ ಮಾರತದ. ಇದಕ್ಕ ಆಸೆ ಪಟ್ಟವ್ರನ್ನ ಹುಡುಕ್ಯಾಡಬೇಕು."

ತಿಂಗಳುಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಷ್ಟು ಸಲೀಸಾಗಿ ಇಳಿಯಬಹುದೆಂದು ಮಾಳಮ್ಮ ಅಂದುಕೊಂಡಿರಲಿಲ್ಲ. ಅವಳಿಗೆ ನಗು ಬಂತು. ಪಕ್ಕದಲ್ಲಿ ಮಮ್ತಾಜ ಕರವಸ್ತ್ರ ಹರಡಿ ಉಂಗುರವನ್ನೂ ಹರಳನ್ನೂ ಕಟ್ಟಿಕೊಳ್ಳಲು ಸಿದ್ಧಳಾದದ್ದನ್ನು ನೋಡಿ ಆ ನಗು ನಿಂತಿತು.

"ನಡಿ ಮಾಳವ್ವ. ನಿನಗ ಇದರ ಜರೂರತ್ತು ಇಲ್ಲ ಈಗ" ಅಂದಳು ಮಮ್ತಾಜ. ಅವಳ ದನಿಯಲ್ಲಿ ಕಹಿ ಇರಲಿಲ್ಲ.

"ಒಂದೀಟು ಕೊಡ್ರಿ ಇಲ್ಲೆ."

ಮಾಳಮ್ಮ ಹರಳನ್ನು ಎರಡು ಬೆರಳ ನಡುವೆ ಹಿಡಿದು ಬೀದಿಗೆ ಇಳಿದಳು. ಬಿಸಿಲು ಹಾಯ್ದ ಹರಳು ಮೊದಲ ಮಳೆಗೆ ಎದ್ದ ಜೋಳದ ಸುಳಿಯ ಬಣ್ಣಕ್ಕೆ ತಿರುಗಿತು. ಒಳಗಿನ ಎಳೆಗಳು ಕೆರೆಯ ತಳದ ಪಾಚಿಯಂತೆ ಕಂಡವು. ಲಾಲಪ್ಪ ತೋರಿಸಿದ ಕಡು ಹಸಿರಿನ ಉಂಗುರ ಅವಳಿಗೆ ದಲಾಲಿಯ ಮಾಲಾಗಿ ಕಂಡಿತ್ತು. ಇದು ಹಾಗೆ ಕಾಣಲಿಲ್ಲ. ಅವಳು ಜೀವಮಾನದಲ್ಲಿ ಕೊಂಡದ್ದೆಲ್ಲ ಮರಿ ಹಾಕುವುದು, ಉಣ್ಣುವುದು, ಹೊದೆಯುವುದು. ನೋಡಲಿಕ್ಕೆಂದು ಒಂದನ್ನೂ ಕೊಂಡಿರಲಿಲ್ಲ. ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರೂ ಅವಳು ಹಾಗೆಯೇ ನಿಂತಿದ್ದಳು.

ಒಳಗೆ ಬಂದು, "ತಗಡು ಹಾಕದ, ಹಿಂದ ತೆರದು ಕೂಡ್ರಿಸಾಕ ಬರತದೇನ್ರಿ ಸಾಬರ?" ಅಂತ ಕೇಳಿದಳು.

"ಬರತದ."

"ಹಂಗಾರ ಕೂಡ್ರಿಸ್ರಿ. ನೀವು ಹೇಳಿದ ಬೆಲಿಗೆ ನಾ ತಗೋತೀನಿ. ನನ್ನ ಬೆರಳಿನ ಅಳತಿ ತಗೊಳ್ರಿ."

ಮಮ್ತಾಜ ಅವಳ ತೋಳು ಹಿಡಿದಳು. "ನನ್ನ ಸಲುವಾಗಿ ತಗೋಬ್ಯಾಡ ಮಾಳವ್ವ. ಹಂಗ ತಗೊಂಡ್ರ ನಾ ಕೊಡಂಗಿಲ್ಲ."

"ನಿಮ್ಮ ಸಲುವಾಗಿ ತಗೊಳ್ಳೂದಿತ್ತಂದ್ರ ಬಿಚ್ಚಿಸ್ತಿದ್ದಿಲ್ರಿ. ಮೋಟಾರನ್ಯಾಗೇ ತಗೋತಿದ್ದೆ." ಮಾಳಮ್ಮ ತನ್ನ ಕೈ ನೋಡಿಕೊಂಡಳು. ಉಣ್ಣೆ ಕತ್ತರಿಸಿ ಕತ್ತರಿಸಿ ಬೆರಳು ದಪ್ಪಗಾಗಿದ್ದವು. "ನನಗ ಇದರ ಮ್ಯಾಲ ಆಸೆ ಆಗ್ಯಾದ. ಅಷ್ಟೇ."

ಸುಲ್ತಾನಸಾಬ ದಾರ ತೆಗೆದು ಅವಳ ಬೆರಳಿಗೆ ಸುತ್ತಿದ. ಮಮ್ತಾಜ ಬುರ್ಖಾದ ಮುಸುಕು ಇಳಿಸಿಕೊಂಡಳು. ಆಮೇಲೆ, ಆ ರೊಕ್ಕಕ್ಕೆ ಹೊಸ ಮಿಷನ್ ಬರದಿದ್ದರೂ ಯಾರಾದರೂ ಬಳಸಿದ ಹಳೆಯದು ಖಂಡಿತ ಬರುತ್ತದೆ, ಬೇಕಾದರೆ ಈಗಲೇ ಬಜಾರದಲ್ಲಿ ವಿಚಾರಿಸಿ ಹೋಗೋಣ ಅಂದಳು. ಇಬ್ಬರೂ ವಿಚಾರಿಸಿದರು. ಸ್ಟೇಷನ್ ಕಡೆಯ ದರ್ಜಿಯೊಬ್ಬ ತನ್ನ ಹಳೆಯ ಮಿಷನ್ ತೋರಿಸಿದ. ಮಮ್ತಾಜ ಪೆಡಲು ತುಳಿದು, ಸೂಜಿ ಏರಿಳಿಯುವುದನ್ನು ಕಿವಿಗೊಟ್ಟು ಕೇಳಿ, ನಾಲ್ಕು ಸಲ ಚೌಕಾಶಿ ಮಾಡಿ ಅದನ್ನು ಗೊತ್ತು ಮಾಡಿಕೊಂಡಳು. ಅಂಥ ಚೌಕಾಶಿ ಕುರಿ ಸಂತೆಯಲ್ಲೂ ಅಪರೂಪ ಎಂದು ಮಾಳಮ್ಮನಿಗೆ ಅನ್ನಿಸಿತು.

ಬೀರಣ್ಣ ಹಿಂಡು ಹೊಡೆದುಕೊಂಡು ಊರಿಗೆ ಬಂದಾಗ ಉಂಗುರ ಅವಳ ಬೆರಳಲ್ಲಿತ್ತು. ಅವಳು ಒಂದನ್ನೂ ಬಿಡದೆ ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ.

"ಹತ್ತು ಕುರಿ ಬೆರಳಿಗೆ ಹಾಕ್ಕೊಂಡಿ ಅನ್ನು."

"ಹೂಂ. ಸಿಟ್ಟು ಬಂತೇನು?"

ಅವನು ಅವಳ ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದ. "ಬರಬೇಕಾಗಿತ್ತು. ಆದ್ರ ಗಡಗ್ಯಾಗಿನ ಉಳದ ರೊಕ್ಕ ಹಾಳಾಗಂಗಿಲ್ಲ ಅಂದೆಲ್ಲ, ಅದನ್ನ ಕೇಳಿ ಸಿಟ್ಟು ಬರವಲ್ದು."

ಸಂತೆಯ ದಿನ ಇಬ್ಬರೂ ಸಿಕ್ಕಾದ ಗಂಟು ಹೊತ್ತು ಶಹಾಪುರದ ಖಜಾನೆಗೆ ಹೋದರು. ಸರತಿ ಉದ್ದವಿತ್ತು. ಸುತ್ತಲ ಊರುಗಳ ಜನ ಗಂಟು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಪಾಳಿ ಬಂತು. ಗುಮಾಸ್ತ ಎಣಿಸಿಕೊಂಡು ಹೊಸ ನೋಟು ಕೊಟ್ಟ. ಬೀರಣ್ಣ ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದ.

ದಾರಿಯಲ್ಲಿ ಗಿರ್ದಾವರರ ಮನೆ. ಒಳಗಿನಿಂದ ಮಿಷನ್ನಿನ ಸದ್ದು ಬರುತ್ತಿತ್ತು. ನಸೀರುದ್ದೀನ ಕಟ್ಟೆಯ ಮೇಲೆ ಕೂತು, ಹೊಲಿಯಲು ಕೊಟ್ಟವರ ಹೆಸರನ್ನು ಕನ್ನಡದಲ್ಲಿ ಬರೆದ ಚೀಟಿಗಳನ್ನು ಒಂದೊಂದೇ ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದ. ಅಕ್ಷರ ಸೊಟ್ಟಗಿದ್ದವು, ಆದರೆ ಓದಲು ಬರುವಂತಿದ್ದವು.

ಬೀರಣ್ಣ ನಿಂತ. "ಗಂಡಸರ ಅಂಗಿ ಹೊಲೀತಾರೇನು ಇಲ್ಲಿ?"

"ಹೊಲೀತಾರ. ಯಾಕ?"

"ನನಗೊಂದು ಹೊಲಿಸ್ರಿ. ಎರಡು ಕಿಸೆ ಇರಲಿ" ಅಂದು ಅವನು ನೋಟು ಹಿಡಿದ ಕೈಯಿಂದಲೇ ಬಾಗಿಲ ಕಡೆ ತೋರಿಸಿದ. ಮಾಳಮ್ಮ ಒಳಗೆ ಹೋಗಿ, "ಬೀಬಿ, ಅಳತಿ ಪಟ್ಟಿ ತರ್ರಿ" ಅಂತ ಕರೆದಳು.